ಕಪ್ಪು ಪಟ್ಟಿ ಹಿಡಿದು ಓಡುವ ಗಾಡಿ: ಹೈಸ್ಕೂಲು ಮಕ್ಕಳ ಜೊತೆ ಆರು ಶನಿವಾರದ ಕೆಲಸ

ಬಿಳಿ ಚಾರ್ಟಿನ ಮೇಲೆ ಅಂಟಿಸಿದ ಕಪ್ಪು ಇನ್ಸುಲೇಶನ್ ಟೇಪು, ಅದನ್ನು ಹಿಡಿದು ತಾನಾಗಿ ಓಡುವ ಎರಡು ಚಕ್ರದ ಗಾಡಿ. ಲೈನ್ ಫಾಲೋವರ್ ಅಂದರೆ ಇಷ್ಟೇ. ಸ್ಪರ್ಧೆಗಳಲ್ಲಿ ಇದು ಹಳಸಿದ ಐಟಂ ಎಂದು ಮೂಗು ಮುರಿಯುವವರಿದ್ದಾರೆ. ಆದರೂ ಎಂಟು, ಒಂಬತ್ತನೇ ತರಗತಿಯವರ ಮೊದಲ ರೋಬೋಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಎಲ್‌ಇಡಿ ಮಿನುಗಿಸುವ ಪ್ರಯೋಗ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ನಾಲ್ಕು ಸರ್ವೋ ಮೋಟಾರು ಇರುವ ರೋಬೋ ತೋಳು ಶುರುವಿನಲ್ಲೇ ಕರೆಂಟು ಸಾಲದೆ ನಡುಗುತ್ತಾ ಕೂರುತ್ತದೆ. ಈ ಗಾಡಿಯಲ್ಲಿ ಬ್ಯಾಟರಿ, ಮೋಟಾರು, ಸೆನ್ಸರು, ತೀರ್ಮಾನ ನಾಲ್ಕೂ ಇವೆ. ಯಾವುದು ಕೈಕೊಟ್ಟರೂ ನೆಲದ ಮೇಲೆ ಕಣ್ಣಿಗೆ ಕಾಣುತ್ತದೆ.

ದಿನಕ್ಕೆ ಎರಡು ಗಂಟೆ, ಒಂದು ಗಾಡಿಗೆ ಮೂವರು. ಲ್ಯಾಪ್‌ಟಾಪ್ ತೆರೆಯುವುದು ಮೂರನೇ ಶನಿವಾರ, ಅದಕ್ಕೆ ಮೊದಲು ಇಲ್ಲ. ಓಡದ ಗಾಡಿಯಲ್ಲಿ ತಪ್ಪು ಹೆಚ್ಚಾಗಿ ಇರುವುದು ಸಡಿಲ ವೈರಿನಲ್ಲಿ, ಇಳಿದ ಸೆಲ್ಲಿನಲ್ಲಿ, ಅತಿ ಬಿಗಿಯಾದ ಬೋಲ್ಟಿನಲ್ಲಿ. ಮೊದಲ ದಿನವೇ ಕೋಡ್ ಹಿಡಿದ ಮಕ್ಕಳು ಇವನ್ನೆಲ್ಲ ಕೋಡಿನಲ್ಲೇ ಹುಡುಕುತ್ತಾರೆ, ಸರಿಯಾಗಿದ್ದ ಕೋಡನ್ನೂ ಕೆಡಿಸುತ್ತಾರೆ. ಮಲ್ಟಿಮೀಟರ್ ಹಿಡಿಯಲು ಬಂದ ಮೇಲೆ ಕೋಡ್ ಬರೆದರೆ ಅರ್ಧ ಜಗಳ ಕಡಿಮೆ.

ಸಾಮಾನು

ಒಂದು ಗಾಡಿಗೆ ಇಷ್ಟು ಬೇಕು:

- ಆರ್ಡುಯಿನೋ ಯುನೋ ಆರ್3 (ಕೋಡು ತುಂಬುವ ಪುಟ್ಟ ಕಂಪ್ಯೂಟರ್ ಬೋರ್ಡು) ಅಥವಾ ಅದೇ ನಮೂನೆಯ ಬೋರ್ಡು 1, ಯುಎಸ್‌ಬಿ ಕೇಬಲ್ 1
- ಎಲ್298ಎನ್ ಮೋಟಾರ್ ಡ್ರೈವರ್ ಮಾಡ್ಯೂಲ್ 1 (ಬೋರ್ಡಿನ ಆಜ್ಞೆಯಂತೆ ಮೋಟಾರಿಗೆ ಕರೆಂಟು ಬಿಡುವುದು ಇದು)
- ಹಳದಿ ಬಿಓ ಗೇರ್ ಮೋಟಾರು 2 (ಗೇರ್ ಅನುಪಾತ 1:48), ಅದರ ಕ್ಲ್ಯಾಂಪು 2, 65 ಮಿ.ಮೀ. ಚಕ್ರ 2, ಕ್ಯಾಸ್ಟರ್ ಚಕ್ರ 1
- ಟಿಸಿಆರ್‌ಟಿ5000 ಸೆನ್ಸರ್ ಮಾಡ್ಯೂಲ್ 3. ನಾಲ್ಕು ಪಿನ್ನಿನದೇ ಆಗಬೇಕು. ಎಒ (ಅನಲಾಗ್ ಔಟ್‌ಪುಟ್, ಕಪ್ಪು ಬಿಳಿಯ ನಡುವಿನ ಅಂಕಿಯನ್ನೂ ಕೊಡುವ) ಪಿನ್ ಇಲ್ಲದ ಮೂರು ಪಿನ್ನಿನದು ಕೊನೆಯ ಶನಿವಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ
- ಡಬಲ್ ಎ ಅಳತೆಯ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್ಲು 6, ಹೋಲ್ಡರು, ಆನ್-ಆಫ್ ಸ್ವಿಚ್ಚು
- 104 ಎಂದು ಬರೆದಿರುವ ಸೆರಾಮಿಕ್ ಕೆಪಾಸಿಟರ್ 2 (0.1 ಮೈಕ್ರೋಫ್ಯಾರಡ್)
- 5 ಮಿ.ಮೀ. ಸನ್‌ಬೋರ್ಡ್ 16 × 11 ಸೆ.ಮೀ., 30 ಮಿ.ಮೀ. ಉದ್ದದ ಎಂ3 ಬೋಲ್ಟು 4, ನಟ್ಟು, ವಾಷರು, ಜಂಪರ್ ವೈರು

ಇಡೀ ತರಗತಿಗೆ ಎರಡು ಮಲ್ಟಿಮೀಟರು, ಒಂದು 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಗ್ಲೂ ಗನ್, ನಾಲ್ಕೈದು ಸುರುಳಿ ಕಪ್ಪು ಇನ್ಸುಲೇಶನ್ ಟೇಪು. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸುತ್ತಿಗೆ ಸಿಗುತ್ತದೆ. ಕೇಂದ್ರ ಸರ್ಕಾರದ ಯೋಜನೆಯ ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಕೊಳ್ಳುವ ಮೊದಲು ಅಲ್ಲಿನ ಬೀರು ತೆರೆದು ನೋಡಿ. ಅರ್ಧ ಸಾಮಾನು ಅಲ್ಲೇ ಇರಬಹುದು.

ಬ್ಯಾಟರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅತಿ ಹೆಚ್ಚು ಗಾಡಿಗಳು ಕೆಡುವುದು ಇಲ್ಲೇ. ಹೊಗೆ ಅಲಾರಮ್ಮಿಗೆ, ಹಳೇ ರೇಡಿಯೋಗೆ ಹಾಕುವ ಚೌಕ 9 ವೋಲ್ಟ್ ಬ್ಯಾಟರಿ ಬೇಡವೇ ಬೇಡ. ಅದರ ಒಳರೋಧ ಹೆಚ್ಚು. ಬಿಓ ಮೋಟಾರು ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಒಂದೊಂದೂ 1 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಆಗ 9 ಇದ್ದ ವೋಲ್ಟು ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ಮೋಟಾರು ನಿಲ್ಲುತ್ತದೆ, ವೋಲ್ಟು ಮತ್ತೆ ಏರುತ್ತದೆ, ಬೋರ್ಡು ಎಚ್ಚರವಾಗಿ ಮತ್ತೆ ಮೋಟಾರಿಗೆ ಕರೆಂಟು ಬಿಡುತ್ತದೆ, ಮತ್ತೆ ಕುಸಿತ. ನೋಡುವವರಿಗೆ ಗಾಡಿ ಬಿಕ್ಕಳಿಸಿದ ಹಾಗೆ ಕಾಣುತ್ತದೆ. 18650 ಲಿಥಿಯಂ ಸೆಲ್ಲು ಎರಡು ಹಾಕಿದರೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಆದರೆ ಬಿಡಿ ಸೆಲ್ಲುಗಳಲ್ಲಿ ಹೆಚ್ಚಿನವಕ್ಕೆ ಒಳಗೆ ರಕ್ಷಣಾ ಸರ್ಕ್ಯೂಟ್ ಇರುವುದಿಲ್ಲ. ಜೇಬಿನಲ್ಲಿ ಕೀಲಿಗೊಂಚಲಿನ ಜೊತೆ ಒಂದು ಸೆಲ್ಲು ಸೇರಿದರೂ ಸಾಕು, ಸುಡುತ್ತದೆ. ಹದಿಮೂರು ವರ್ಷದವರ ಕೈಗೆ ಆರು ನಿಕಲ್ ಸೆಲ್ಲು, 7.2 ವೋಲ್ಟು, ಅದೇ ಸರಿ.

ನಾಲ್ಕೇ ಸೆಲ್ಲು ಏಕೆ ಸಾಲದು ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಎಲ್298ಎನ್ ಹಳೇ ಕಾಲದ ಚಿಪ್ಪು, ಒಳಗಿರುವುದು ಬೈಪೋಲಾರ್ ಟ್ರಾನ್ಸಿಸ್ಟರು. ಮೋಟಾರಿಗೆ ತಲುಪುವ ಮೊದಲೇ ಸುಮಾರು 2 ವೋಲ್ಟನ್ನು ತಾನೇ ನುಂಗಿ ಬಿಸಿಯಾಗಿ ಹೊರಬಿಡುತ್ತದೆ. ನಾಲ್ಕು ಸೆಲ್ಲಿನ 4.8 ವೋಲ್ಟಿನಲ್ಲಿ 2 ಹೋದರೆ ಮೋಟಾರಿಗೆ ಉಳಿಯುವುದು 2.8. ಆರು ಸೆಲ್ಲಾದರೆ 5.2 ಉಳಿಯುತ್ತದೆ, ಬಿಓ ಮೋಟಾರಿನ 3ರಿಂದ 6 ವೋಲ್ಟಿನ ಮಿತಿಯೊಳಗೆ. ಟಿಬಿ6612 ಡ್ರೈವರಿನಲ್ಲಿ ಬೇರೆ ಬಗೆಯ ಟ್ರಾನ್ಸಿಸ್ಟರಾದ ಮಾಸ್‌ಫೆಟ್ ಇರುವುದರಿಂದ ಈ ನಷ್ಟ ಬಹಳ ಕಡಿಮೆ, ಆದರೆ ಅದರ ಪಿನ್ನು ಸಣ್ಣದು, ಬೆಸುಗೆ ಬೇಕು, ಉಲ್ಟಾ ಕೊಟ್ಟರೆ ಸುಟ್ಟುಹೋಗುತ್ತದೆ. ಮೊದಲ ಗಾಡಿಗೆ ಸ್ಕ್ರೂ ಟರ್ಮಿನಲ್ ಇರುವ ಒರಟು ಎಲ್298ಎನ್ ಮೇಲು.

ಮೊದಲ ಶನಿವಾರ: ಕಣ್ಣಿಗೆ ಬಟ್ಟೆ

ಸಾಮಾನಿನ ಡಬ್ಬ ತೆರೆಯಬೇಡಿ. ನೆಲದ ಮೇಲೆ ಹಗ್ಗ ಹಾಸಿ, ನಡುವೆ ಎರಡು ಮೂರು ತಿರುವು ಇರಲಿ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಅವರು ಮೋಟಾರು. ಇಬ್ಬರು ಅವರ ಎಡಬಲದಲ್ಲಿ ನಡೆಯುವ ಸೆನ್ಸರುಗಳು. ಸೆನ್ಸರುಗಳು ಆಡಬಹುದಾದ ಮಾತು ಎರಡೇ: ತನ್ನ ಕಾಲಡಿ ಹಗ್ಗ ಬಂದರೆ ‘ಕಪ್ಪು’, ಇಲ್ಲದಿದ್ದರೆ ‘ಬಿಳಿ’. ಪಕ್ಕದ ತಂಡದ ಒಬ್ಬರು ಪ್ರೋಗ್ರಾಂ. ಅವರು ಹಗ್ಗದ ಕಡೆ ಬೆನ್ನು ಮಾಡಿ ಕೂತು, ಕೇಳಿದ ಎರಡು ಪದದ ಮೇಲೆ ‘ನೇರ’, ‘ಎಡ’, ‘ಬಲ’, ‘ನಿಲ್ಲು’ ಅನ್ನಬೇಕು.

ಐದು ನಿಮಿಷದಲ್ಲಿ ಗಲಾಟೆ ಶುರುವಾಗುತ್ತದೆ. ಸೆನ್ಸರ್ ಆದವರು ‘ಅಯ್ಯೋ ಸ್ವಲ್ಪ ಎಡಕ್ಕೆ ಬಾರೋ’ ಎನ್ನುತ್ತಾರೆ. ಅದು ನಿಯಮಬಾಹಿರ, ಸೆನ್ಸರಿಗೆ ಅಷ್ಟು ಬುದ್ಧಿ ಇಲ್ಲ. ಎರಡೂ ಕಡೆ ‘ಬಿಳಿ’ ಬಂದಾಗ ಹಗ್ಗ ಕಾಲುಗಳ ನಡುವೆ ಇದೆಯೋ, ಪೂರ್ತಿ ತಪ್ಪಿಹೋಗಿದೆಯೋ ಪ್ರೋಗ್ರಾಂ ಆದವರಿಗೆ ತಿಳಿಯುವುದಿಲ್ಲ. ಈ ಇಕ್ಕಟ್ಟೇ ಇವತ್ತಿನ ಪಾಠ. ಆಟ ಮುಗಿದ ಮೇಲೆ ನಾಲ್ಕು ಸಾಲಿನ ಪಟ್ಟಿ ಅವರೇ ಬರೆಯುತ್ತಾರೆ: ಎರಡೂ ಬಿಳಿಯಾದರೆ ನೇರ, ಎಡ ಕಪ್ಪಾದರೆ ಎಡಕ್ಕೆ, ಬಲ ಕಪ್ಪಾದರೆ ಬಲಕ್ಕೆ, ಎರಡೂ ಕಪ್ಪಾದರೆ ನಿಲ್ಲು. ಈ ಕಾಗದ ಬಿಸಾಡಬೇಡಿ. ಐದನೇ ಶನಿವಾರದ ಕೋಡು ಇದೇ. 1967ರಲ್ಲಿ ಹುಟ್ಟಿದ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಲೋಗೋದ ಆಮೆಯನ್ನು (ಆಜ್ಞೆಯಂತೆ ಚಲಿಸಿ ಗೆರೆ ಎಳೆಯುವ ಗುರುತು) ಕಲಿಸುವಾಗ ಆ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೂರ್ ಪೇಪರ್ಟ್ ಕೂಡ ಮಕ್ಕಳನ್ನು ಮೊದಲು ಆಮೆಯ ಹಾಗೆ ನಡೆಸಿ ನೋಡುವುದಕ್ಕೇ ಒತ್ತು ಕೊಟ್ಟಿದ್ದು.

ಎರಡನೇ ಶನಿವಾರ: ಬೋರ್ಡಿಲ್ಲದ ಗಾಡಿ

ಮೊದಲು ಬಿಡಿ ಮೋಟಾರು. ಎರಡು ಸೆಲ್ಲಿನ 2.4 ವೋಲ್ಟು ನೇರ ಕೊಟ್ಟು ತಿರುಗಿಸಿ, ವೈರು ಅದಲುಬದಲು ಮಾಡಿ ಉಲ್ಟಾ ತಿರುಗಿಸಿ. ಮೋಟಾರಿನ ಹಿಂದಿನ ತಾಮ್ರದ ಕಿವಿಗಳು ಕಾಗದದಷ್ಟು ತೆಳು. ಎರಡು ಸಲ ಬಗ್ಗಿಸಿದರೆ ಮೂರನೆಯದಕ್ಕೆ ಮುರಿಯುತ್ತವೆ. ಆದ್ದರಿಂದ ವೈರು ಸುತ್ತಿ ಬಿಡುವುದು ಬೇಡ. ಬೆಸುಗೆ ಹಾಕಿ, ಎರಡು ಕಿವಿಗಳ ನಡುವೆ 104 ಕೆಪಾಸಿಟರನ್ನೂ ಸೇರಿಸಿ, ಮೇಲೆ ಒಂದು ಹನಿ ಗ್ಲೂ. ಮೋಟಾರಿನ ಬ್ರಷ್ಷುಗಳು ಕಿಡಿ ಹಾರಿಸುವಾಗ ಹುಟ್ಟುವ ಗದ್ದಲವನ್ನು ಆ ಕೆಪಾಸಿಟರ್ ಅಲ್ಲೇ ಹೀರುತ್ತದೆ. ಅದಿಲ್ಲದೆಯೂ ಗಾಡಿ ಓಡೀತು, ಆದರೆ ಸೆನ್ಸರಿನ ಅಂಕಿಗಳು ಕಾರಣವಿಲ್ಲದೆ ಜಿಗಿದಾಡಿದರೆ ಆಗ ಇದನ್ನು ನೆನೆಸಿಕೊಳ್ಳಬೇಕಾಗುತ್ತದೆ.

ಮೋಟಾರನ್ನು ಸನ್‌ಬೋರ್ಡಿಗೆ ಕೂರಿಸುವಾಗ 30 ಮಿ.ಮೀ. ಬೋಲ್ಟು ಮೋಟಾರಿನ ಪ್ಲಾಸ್ಟಿಕ್ ಮೈಯ ಮೂಲಕವೇ ಹಾದುಹೋಗುತ್ತದೆ. ಶಕ್ತಿ ತೋರಿಸಲು ಇದು ಜಾಗವಲ್ಲ. ಹೆಚ್ಚು ಬಿಗಿದರೆ ಗೇರು ಪೆಟ್ಟಿಗೆ ಒತ್ತಿಕೊಂಡು ಒಳಗಿನ ಹಲ್ಲುಗಳು ಉಜ್ಜುತ್ತವೆ. ಪರೀಕ್ಷೆ ಸುಲಭ: ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಚಕ್ರ ಗಾಳಿಯಲ್ಲಿ ತಿರುಗುವಾಗ ಕರೆಂಟು ಅಳೆಯಿರಿ. ಒಳ್ಳೆಯ ಮೋಟಾರು ಸುಮಾರು 150 ಮಿಲಿಆಂಪಿಯರ್ ತೋರಿಸುತ್ತದೆ. 250 ದಾಟಿದರೆ ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ಅಳತೆ ಮುಗಿದ ಕೂಡಲೇ ಕೆಂಪು ವೈರು ವೋಲ್ಟಿನ ತೂತಿಗೆ ವಾಪಸ್ಸು. ಮರೆತು ಅದೇ ತೂತಿನಿಂದ ಬ್ಯಾಟರಿಯ ವೋಲ್ಟು ಅಳೆಯಲು ಹೋದರೆ ಅದು ಅಳತೆಯಲ್ಲ, ಶಾರ್ಟ್ ಸರ್ಕ್ಯೂಟು. ಯಾರಾದರೂ ಒಬ್ಬರು ಮಾಡೇ ಮಾಡುತ್ತಾರೆ. ಮೀಟರಿನ ಬಿಡಿ ಫ್ಯೂಸು ತಂದಿಟ್ಟಿರಿ.

ಎರಡು ಚಕ್ರ ಹಿಂದೆ, ಕ್ಯಾಸ್ಟರ್ ಮುಂದೆ, ಬ್ಯಾಟರಿ ಹೋಲ್ಡರು ಅಚ್ಚಿನ ಮೇಲೆಯೇ. ಭಾರ ಮುಂದಕ್ಕೆ ಬಿದ್ದರೆ ಚಕ್ರಗಳು ಹಿಡಿತ ತಪ್ಪಿ ಚಾರ್ಟಿನ ಮೇಲೆ ಜಾರುತ್ತವೆ. ದಿನದ ಕೊನೆಗೆ ಸ್ವಿಚ್ಚಿನ ಮೂಲಕ ಎರಡೂ ಮೋಟಾರಿಗೆ ನೇರ ಕರೆಂಟು ಕೊಟ್ಟು ಓಡಿಸಿ. ಒಂದೇ ಅಂಗಡಿ, ಒಂದೇ ಡಬ್ಬದ ಮೋಟಾರುಗಳಾದರೂ ಗಾಡಿ ನೇರ ಹೋಗುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಂದು ಕಡೆಗೆ ಬಾಗುತ್ತದೆ. 2 ಮೀಟರ್ ಓಟದಲ್ಲಿ ಎಷ್ಟು ಸೆಂ.ಮೀ. ಬಾಗಿತು ಎಂದು ಸ್ಕೇಲಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಲಿ.

ಇಲ್ಲೊಂದು ಮಾತು. ಗಡಿಯಾರ ನೋಡಿ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿಸಿ: ಸ್ಕ್ರೂಡ್ರೈವರು, ಮೀಟರು, ನೋಟ್‌ಬುಕ್ಕು. ಅವರವರಿಗೇ ಬಿಟ್ಟರೆ ಆರು ವಾರವೂ ಸ್ಕ್ರೂಡ್ರೈವರ್ ಹುಡುಗರ ಕೈಯಲ್ಲಿ, ‘ಅಕ್ಷರ ಚೆನ್ನಾಗಿದೆ’ ಎಂಬ ನೆಪದಲ್ಲಿ ನೋಟ್‌ಬುಕ್ಕು ಹುಡುಗಿಯ ಕೈಯಲ್ಲಿ ಉಳಿಯುತ್ತದೆ.

ಮೂರನೇ ಶನಿವಾರ: ವೈರಿಂಗ್

ಜೋಡಣೆ ಹೀಗೆ:

- ಬ್ಯಾಟರಿಯ ಪ್ಲಸ್ ಸ್ವಿಚ್ಚಿನ ಮೂಲಕ ಎಲ್298ಎನ್‌ನ 12 ವೋಲ್ಟ್ ಟರ್ಮಿನಲ್ಲಿಗೆ. ಅಲ್ಲಿಂದಲೇ ಇನ್ನೊಂದು ವೈರು ಯುನೋಗೆ ಬ್ಯಾಟರಿಯ ಕರೆಂಟು ಕೊಡುವ ವಿನ್ ಪಿನ್ನಿಗೆ
- ಬ್ಯಾಟರಿಯ ಮೈನಸ್, ಎಲ್298ಎನ್‌ನ ಗ್ರೌಂಡ್, ಯುನೋದ ಗ್ರೌಂಡ್ ಮೂರೂ ಒಂದಕ್ಕೊಂದು
- ಇಎನ್‌ಎ 5ಕ್ಕೆ, ಐಎನ್1 7ಕ್ಕೆ, ಐಎನ್2 8ಕ್ಕೆ, ಐಎನ್3 9ಕ್ಕೆ, ಐಎನ್4 10ಕ್ಕೆ, ಇಎನ್‌ಬಿ 6ಕ್ಕೆ (ಇಎನ್ ಎಂದಿರುವವು ಮೋಟಾರಿನ ವೇಗಕ್ಕೆ, ಐಎನ್ ಎಂದಿರುವವು ತಿರುಗುವ ದಿಕ್ಕಿಗೆ)
- ಎಡ, ನಡು, ಬಲ ಸೆನ್ಸರಿನ ಎಒ ಕ್ರಮವಾಗಿ ಎ0, ಎ1, ಎ2ಕ್ಕೆ; ಅವುಗಳ ವಿಸಿಸಿ (ಪ್ಲಸ್) ಯುನೋದ 5 ವೋಲ್ಟಿಗೆ, ಗ್ರೌಂಡ್ ಯುನೋದ ಗ್ರೌಂಡಿಗೆ

ವಿನ್ ಪಿನ್ನಿಗೆ ಉಲ್ಟಾ ಕರೆಂಟು ತಡೆಯುವ ಡಯೋಡು ಇಲ್ಲ. ಅದಿರುವುದು ದುಂಡು ಪವರ್ ಜ್ಯಾಕಿನ ದಾರಿಯಲ್ಲಿ ಮಾತ್ರ. ಹಾಗಾಗಿ ಸ್ವಿಚ್ಚು ಹಾಕುವ ಮೊದಲು ಪ್ಲಸ್, ಮೈನಸ್ ಎರಡನ್ನೂ ಬೇರೆ ತಂಡದವರು ಬಂದು ಮೀಟರಿನಲ್ಲಿ ನೋಡಿ ಒಪ್ಪಿಗೆ ಕೊಡಲಿ. ತಮ್ಮ ತಪ್ಪು ತಮಗೆ ಕಾಣುವುದಿಲ್ಲ, ಪಕ್ಕದವರಿಗೆ ಹುಡುಕಿ ಹಿಡಿಯುವ ಉಮೇದು ಇರುತ್ತದೆ.

ಎಲ್298ಎನ್ ಮೇಲೂ 5 ವೋಲ್ಟ್ ಎಂಬ ಟರ್ಮಿನಲ್ ಇದೆ. ಅದರ ಪಕ್ಕದ ಜಂಪರ್ ಹಾಗೇ ಇರಲಿ, ಟರ್ಮಿನಲ್ ಖಾಲಿ ಇರಲಿ. ಅದನ್ನೂ ಯುನೋದ 5 ವೋಲ್ಟಿಗೆ ಸೇರಿಸಿದರೆ ಎರಡು ರೆಗ್ಯುಲೇಟರುಗಳು ಒಂದೇ ತಂತಿಯ ಮೇಲೆ ಗುದ್ದಾಡುತ್ತವೆ. ಆದರೆ ಇಎನ್‌ಎ, ಇಎನ್‌ಬಿ ಮೇಲಿರುವ ಪುಟ್ಟ ಕ್ಯಾಪುಗಳನ್ನು ಕಿತ್ತು ತೆಗೆಯಲೇಬೇಕು. ಬಿಟ್ಟರೆ ವೇಗದ ಅಂಕಿ ಏನೇ ಬರೆದರೂ ಮೋಟಾರು ಪೂರ್ತಿ ವೇಗದಲ್ಲೇ ತಿರುಗುತ್ತದೆ.

ವೇಗಕ್ಕೆ 5 ಮತ್ತು 6ನೇ ಪಿನ್ನುಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಗಾಡಿ ಓಡಿದ ಮರುಕ್ಷಣ ಮಕ್ಕಳಿಗೆ ಬೇಕಾಗುವುದು ಹಾರನ್ನು. ಬಝರಿಗೆ ಟೋನ್ ಆಜ್ಞೆ ಬಳಸಿದರೆ ಯುನೋದಲ್ಲಿ 3 ಮತ್ತು 11ರ ವೇಗ ನಿಯಂತ್ರಣ ಕೆಡುತ್ತದೆ. ಸರ್ವೋ ಸೇರಿಸಿದರೆ 9 ಮತ್ತು 10 ಹೋಗುತ್ತವೆ. 5 ಮತ್ತು 6 ಎರಡರ ತಂಟೆಯಿಂದಲೂ ದೂರ.

ಬೋರ್ಡು ಕಂಪ್ಯೂಟರಿಗೆ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಮೊಬೈಲಿನ ಜೊತೆ ಬಂದ ಎಷ್ಟೋ ಕೇಬಲ್ಲುಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ. ಆಮೇಲೂ ಇಲ್ಲವೆಂದರೆ ಬೋರ್ಡಿನ ಯುಎಸ್‌ಬಿ ಚಿಪ್ಪಿಗೆ ಬೇಕಾದ ಸಿಎಚ್340 ಡ್ರೈವರ್ ಎಂಬ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಹಾಕಬೇಕು. ‘ನಾಟ್ ಇನ್ ಸಿಂಕ್’ ಎಂದು ಬಂದರೆ ಪೋರ್ಟಿನ ಆಯ್ಕೆ ನೋಡಿ, 0 ಮತ್ತು 1ನೇ ಪಿನ್ನಿನಲ್ಲಿ ಏನಾದರೂ ಸಿಕ್ಕಿಸಿದ್ದರೆ ತೆಗೆಯಿರಿ.

ಇವತ್ತು ಬರೆಯುವ ಕೋಡು ಒಂದೇ: ವೇಗದ ಅಂಕಿಯನ್ನು 0ಯಿಂದ 5ರಂತೆ ಏರಿಸುತ್ತಾ ಹೋಗಿ, ಪ್ರತಿ ಮೋಟಾರು ಯಾವ ಅಂಕಿಗೆ ಅಲುಗುತ್ತದೆ ಎಂದು ಕಂಡುಹಿಡಿಯುವುದು. ಅಂಕಿ 255ರ ತನಕ ಇದೆ. ಈ ಗಾಡಿಯಲ್ಲಿ ಎಡ ಮೋಟಾರು 75ಕ್ಕೆ, ಬಲ ಮೋಟಾರು 85ಕ್ಕೆ ಹೊರಟವು. ಅದಕ್ಕಿಂತ ಕೆಳಗಿನ ಅಂಕಿಯಲ್ಲಿ ಮೋಟಾರು ಕುಂಯ್ ಎನ್ನುತ್ತದೆ, ತಿರುಗುವುದಿಲ್ಲ. 130ಕ್ಕೆ ಇಟ್ಟಾಗ 2 ಮೀಟರಿಗೆ 6 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 33 ಸೆಂ.ಮೀ. ಈ ಅಂಕಿ ಮುಂದೆ ಪದೇ ಪದೇ ಬೇಕು.

ನಾಲ್ಕನೇ ಶನಿವಾರ: ಕಪ್ಪಂತೆ ಕಾಣುವುದೆಲ್ಲ ಕಪ್ಪಲ್ಲ

ಟಿಸಿಆರ್‌ಟಿ5000 ಒಳಗೆ 950 ನ್ಯಾನೋಮೀಟರ್ ತರಂಗದ ಇನ್‌ಫ್ರಾರೆಡ್ ಎಲ್‌ಇಡಿ, ಪಕ್ಕದಲ್ಲಿ ಅದರ ಪ್ರತಿಫಲನ ಹಿಡಿಯುವ ಟ್ರಾನ್ಸಿಸ್ಟರು. ಎಲ್‌ಇಡಿ ಉರಿಯುತ್ತಿದೆಯೇ ಎಂದು ಕಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಸಾಮಾನ್ಯವಾಗಿ ತಿಳಿ ನೇರಳೆ ಚುಕ್ಕಿ ಕಾಣುತ್ತದೆ. ಮಕ್ಕಳು ಇದನ್ನು ಮನೆಗೆ ಹೋಗಿ ಟಿವಿ ರಿಮೋಟಿನ ಮೇಲೂ ಮಾಡಿ ನೋಡುತ್ತಾರೆ.

ಮೂರು ಮಾಡ್ಯೂಲನ್ನು 15 ಮಿ.ಮೀ. ಅಂತರದಲ್ಲಿ ಒಂದು ಪಟ್ಟಿಗೆ ಕಟ್ಟಿ, ಅಚ್ಚಿನಿಂದ 7 ಸೆಂ.ಮೀ. ಮುಂದೆ ಕೂರಿಸಿ. ಬೋಲ್ಟಿನ ತೂತು ಉದ್ದಕ್ಕೆ ಸೀಳಿದ್ದರೆ ಎತ್ತರ ಹೊಂದಿಸಬಹುದು. ಎರಡು ಅಂಚಿನ ಸೆನ್ಸರುಗಳ ನಡುವೆ 30 ಮಿ.ಮೀ., ಟೇಪಿನ ಅಗಲ 19 ಮಿ.ಮೀ. ಆದ್ದರಿಂದ ಗಾಡಿ ಸರಿಯಾಗಿ ಮಧ್ಯದಲ್ಲಿದ್ದಾಗ ಅಂಚಿನವೆರಡೂ ಬಿಳಿಯ ಮೇಲೆ ಇರುತ್ತವೆ.

ಬೋರ್ಡು ಕಳಿಸುವ ಅಂಕಿಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸೀರಿಯಲ್ ಮಾನಿಟರ್ ತೆರೆದು ಅಂಕಿ ಬರೆದುಕೊಳ್ಳಿ. 5 ಮಿ.ಮೀ. ಎತ್ತರದಲ್ಲಿ ಬಿಳಿಗೆ 60, ಕಪ್ಪಿಗೆ 780ರ ಆಸುಪಾಸು ಬಂತು. ಮೂರೂ ಸೆನ್ಸರು ಒಂದೇ ಅಂಕಿ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಒಂದೊಂದರದ್ದೂ ಬೇರೆ ಬರೆದಿಡಿ. 15 ಮಿ.ಮೀ. ಎತ್ತರಿಸಿದರೆ ಬಿಳಿಯ ಅಂಕಿ ಏರುತ್ತಾ ಕಪ್ಪಿನ ಹತ್ತಿರ ಬಂದು ಎರಡರ ವ್ಯತ್ಯಾಸ ಕರಗುತ್ತದೆ. ಈ ಸೆನ್ಸರಿನ ಕಣ್ಣು ಅತಿ ಚುರುಕಾಗಿರುವುದು ಸುಮಾರು 2.5 ಮಿ.ಮೀ. ದೂರದಲ್ಲಿ, ಆದರೆ ಅಷ್ಟು ತಗ್ಗಿಸಿದರೆ ಚಾರ್ಟಿನ ಮಡಿಕೆಗೆ ತಗಲುತ್ತದೆ. 5ಕ್ಕೆ ರಾಜಿ.

ಈಗ ಆ ದಿನದ ಅತ್ಯುತ್ತಮ ಪ್ರಯೋಗ. ಒಂದೇ ಚಾರ್ಟಿನ ಮೇಲೆ ಅಕ್ಕಪಕ್ಕ ಕಪ್ಪು ಟೇಪು, ಪೆನ್ಸಿಲ್ ಸೀಸ ದಪ್ಪಗೆ ತೀಡಿದ ಪಟ್ಟಿ, ಕಪ್ಪು ಸ್ಕೆಚ್ ಪೆನ್ನಿನ ಪಟ್ಟಿ ಹಾಕಿ ಮೂರರ ಮೇಲೂ ಸೆನ್ಸರು ಹಿಡಿಯಿರಿ. ಎಷ್ಟೋ ಸ್ಕೆಚ್ ಪೆನ್ನುಗಳ ಕಪ್ಪು ಸೆನ್ಸರಿಗೆ ಹೆಚ್ಚು ಕಡಿಮೆ ಬಿಳಿಯೇ. ಆ ಬಣ್ಣ ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತದೆ, ಇನ್‌ಫ್ರಾರೆಡ್ಡನ್ನು ಬಿಟ್ಟುಬಿಡುತ್ತದೆ, ಕೆಳಗಿನ ಬಿಳಿ ಕಾಗದ ಅದನ್ನು ವಾಪಸ್ ಕಳಿಸುತ್ತದೆ. ಟೇಪಿನ ಕಪ್ಪು, ಪೆನ್ಸಿಲಿನ ಕಪ್ಪು ಇಂಗಾಲದ್ದು. ಅದು ಎರಡನ್ನೂ ಹೀರುತ್ತದೆ. ಅಂದವಾಗಿ ಸ್ಕೆಚ್ ಪೆನ್ನಿನಲ್ಲಿ ಟ್ರ್ಯಾಕ್ ಬರೆದು ತಂದ ತಂಡ ಗಾಡಿ ಏಕೆ ಕುರುಡಾಯಿತು ಎಂದು ಅರ್ಧ ದಿನ ಒದ್ದಾಡುವುದು ಇದರಿಂದಲೇ.

ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿದೆ. ಬೆಳಿಗ್ಗೆ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನ ಕಿಟಕಿಯ ಬಿಸಿಲು ಬಿದ್ದ ಜಾಗದಲ್ಲಿ ದಾರಿ ತಪ್ಪಿದರೆ ಕೋಡು ಮುಟ್ಟಬೇಡಿ. ಸೆನ್ಸರಿನ ಸುತ್ತ ಕಪ್ಪು ಕಾರ್ಡ್‌ಶೀಟಿನ ಲಂಗ ಕಟ್ಟಿ. ಮೊಸಾಯಿಕ್ ನೆಲ, ರೆಡ್ ಆಕ್ಸೈಡ್ ನೆಲದ ಮೇಲೆ ನೇರ ಟೇಪು ಹಾಕುವುದೂ ಬೇಡ. ಚಾರ್ಟನ್ನೇ ಹಾಸಿ, ಜೋಡಣೆಯನ್ನು ಅಡಿಯಿಂದ ಅಂಟಿಸಿ. ತಿರುವಿನಲ್ಲಿ ಟೇಪನ್ನು ಎಳೆದು ಬಗ್ಗಿಸಿದರೆ ರಾತ್ರಿ ಕಳೆಯುವುದರೊಳಗೆ ಅದು ಕುಗ್ಗಿ ಎದ್ದುಬರುತ್ತದೆ. 3 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಹಾಕಿ. ತಿರುವಿನ ತ್ರಿಜ್ಯ 15 ಸೆಂ.ಮೀ.ಗಿಂತ ಕಡಿಮೆ ಬೇಡ.

ಐದನೇ ಶನಿವಾರ: ನಾಲ್ಕು ಸಾಲಿನ ಕೋಡು

ಬಿಳಿ ಕಪ್ಪಿನ ನಡುವಿನ ಅಂಕಿ: 60 ಮತ್ತು 780ರ ಸರಾಸರಿ 420. ಅದಕ್ಕಿಂತ ಹೆಚ್ಚಾದರೆ ಕಪ್ಪು. ಮೊದಲ ವಾರದ ಕಾಗದ ಹೊರತೆಗೆದು ನಾಲ್ಕು ಸಾಲನ್ನು ನಾಲ್ಕು ಇಫ್ ಆಗಿ ಬರೆದರೆ ಗಾಡಿ ಓಡುತ್ತದೆ. ನಡುವಿನ ಸೆನ್ಸರು ಇನ್ನೂ ಬೇಕಿಲ್ಲ.

ಓಡುತ್ತದೆ, ಆದರೆ ಕುಡಿದವರ ಹಾಗೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿದುಕೊಂಡು ಹೋಗುತ್ತದೆ, ಏಕೆಂದರೆ ಅದಕ್ಕೆ ಗೊತ್ತಿರುವುದು ತಪ್ಪಿದೆಯೋ ಇಲ್ಲವೋ ಎಂಬುದಷ್ಟೇ, ಎಷ್ಟು ತಪ್ಪಿದೆ ಎಂಬುದಲ್ಲ. ಇದನ್ನು ಸರಿ ಮಾಡಲು ಪ್ರತಿ ತಂಡವೂ ಮೊದಲು ಮಾಡುವುದು ಒಂದೇ: ತಿರುವಿನ ಆಜ್ಞೆಯ ಕೆಳಗೆ 200 ಮಿಲಿಸೆಕೆಂಡಿನ ಡಿಲೇ ಸೇರಿಸುವುದು. ತಡೆಯಬೇಡಿ, ಓಡಿಸಲಿ, ಗಾಡಿ ಪಟ್ಟಿಯಿಂದ ಆಚೆ ಹೋಗಲಿ. ಆಮೇಲೆ ಲೆಕ್ಕ ಮಾಡಿಸಿ: ಸೆಕೆಂಡಿಗೆ 33 ಸೆಂ.ಮೀ. ವೇಗ, 0.2 ಸೆಕೆಂಡು ಕಣ್ಣು ಮುಚ್ಚಿದರೆ 6.6 ಸೆಂ.ಮೀ. ಕುರುಡು ಓಟ. ಟೇಪು 1.9 ಸೆಂ.ಮೀ.

ಅದೇ ಲೆಕ್ಕ ಇನ್ನೊಂದು ಕಡೆ ಅಡಗಿ ಕೂತಿರುತ್ತದೆ. ಹಿಂದಿನ ವಾರದ ಸೆನ್ಸರ್ ಪರೀಕ್ಷೆಯಲ್ಲಿ ಅಂಕಿಗಳನ್ನು ಲ್ಯಾಪ್‌ಟಾಪಿಗೆ ಕಳಿಸಲು ಬರೆದ ಪ್ರಿಂಟ್ ಸಾಲುಗಳನ್ನು ತೆಗೆಯದೆ ಬಿಟ್ಟಿರುತ್ತಾರೆ. 9600 ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡು. ಕೋಡಿನ ಒಂದೊಂದು ಸುತ್ತಿನಲ್ಲೂ 40 ಅಕ್ಷರ ಮುದ್ರಿಸಿದರೆ, ಕಳಿಸಬೇಕಾದ ಅಕ್ಷರಗಳು ಕಾಯುವ 64 ಅಕ್ಷರದ ಬಫರು ತುಂಬಿದ ಮೇಲೆ ಪ್ರತಿ ಸುತ್ತೂ 40 ಮಿಲಿಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಗಾಡಿ 1.3 ಸೆಂ.ಮೀ. ಮುಂದೆ. ಪ್ರಿಂಟ್ ಬೇಕೇ ಬೇಕೆಂದರೆ 115200ಕ್ಕೆ ಏರಿಸಿ.

ಆರನೇ ಶನಿವಾರ: ಎಷ್ಟು ತಪ್ಪಿದೆ

ಈಗ ಮೂರೂ ಸೆನ್ಸರು. ಪ್ರತಿಯೊಂದರ ಬಿಳಿಯನ್ನು 0, ಕಪ್ಪನ್ನು 1000 ಎಂದು ಮ್ಯಾಪ್ ಆಜ್ಞೆಯಿಂದ ಬದಲಿಸಿ, ಆಚೀಚೆ ಜಾರದಂತೆ ಕನ್‌ಸ್ಟ್ರೇನ್ ಹಾಕಿ. ಸ್ಥಾನದ ಲೆಕ್ಕ:

ಸ್ಥಾನ = (0 × ಎಡ + 1000 × ನಡು + 2000 × ಬಲ) ÷ (ಎಡ + ನಡು + ಬಲ)

ಪಟ್ಟಿ ನಡುವಿನಲ್ಲಿದ್ದರೆ ಸ್ಥಾನ 1000. ತಪ್ಪು = ಸ್ಥಾನ − 1000. ತಪ್ಪು ಧನವಾದರೆ ಪಟ್ಟಿ ಬಲಕ್ಕಿದೆ: ಎಡ ಚಕ್ರಕ್ಕೆ ಕೂಡಿಸು, ಬಲ ಚಕ್ರದಿಂದ ಕಳೆ. ಗಣಿತದ ಮೇಷ್ಟ್ರು ಕಲಿಸಿದ ಸರಾಸರಿಗೆ ತೂಕ ಕಟ್ಟಿದ್ದು, ಅಷ್ಟೇ.

ಲೆಕ್ಕ ಸರಿ, ಕೋಡು ಕಂಪೈಲ್ ಆಗುತ್ತದೆ, ಗಾಡಿ ಮಾತ್ರ ಪಟ್ಟಿ ಎಲ್ಲಿದ್ದರೂ ಎಡಕ್ಕೇ ಗಿರಗಿರ ತಿರುಗುತ್ತದೆ. ‘ಮಿಸ್, ಕೋಡ್ ಕರೆಕ್ಟಾಗೇ ಇದೆ, ಗಾಡಿಗೇ ಏನೋ ಆಗಿದೆ’ ಎನ್ನುವ ಕೂಗು ಬರುವುದು ಈಗ. ಈ ಸಲ ತಪ್ಪು ನಿಜಕ್ಕೂ ಕೋಡಿನಲ್ಲಿದೆ. ಯುನೋದಲ್ಲಿ ಇಂಟ್ ಎಂಬ ಡಬ್ಬಿಗೆ 16 ಬಿಟ್ಟು. 32767ರ ತನಕ ಹಿಡಿಯುತ್ತದೆ. ಬಲ ಸೆನ್ಸರು ಪೂರ್ತಿ ಕಪ್ಪಾದಾಗ 2000 × 1000 = 20 ಲಕ್ಷ. ಅದು ಹಿಡಿಯಲಾರದೆ ಸುತ್ತು ಹೊಡೆದು −31616 ಆಗಿ ಕೂರುತ್ತದೆ. ಅದನ್ನು 1000ದಿಂದ ಭಾಗಿಸಿದರೆ −31, ತಪ್ಪು −1031. ಬಲಕ್ಕೆ ಹೋಗಬೇಕಾದದ್ದು ಎಡಕ್ಕೆ. ನಡುವಿನ ಸೆನ್ಸರಿನ 10 ಲಕ್ಷ 16960 ಆಗಿ, ಸ್ಥಾನ 16 ಎಂದು ಬರುತ್ತದೆ, ತಪ್ಪು −984, ಮತ್ತೆ ಎಡ. ಮ್ಯಾಪ್ ಆಜ್ಞೆ ಒಳಗೊಳಗೇ ಲಾಂಗ್ ಬಳಸುವುದರಿಂದ ಅಲ್ಲಿ ಈ ತೊಂದರೆ ಇಲ್ಲ. ಕೈಯಾರೆ ಬರೆದ ಗುಣಾಕಾರದಲ್ಲೇ ಎಡವಟ್ಟು. ಉತ್ತರದ ವೇರಿಯಬಲ್ ಒಂದನ್ನೇ ಲಾಂಗ್ ಮಾಡಿದರೆ ಸಾಲದು, ಗುಣಿಸುವ ಅಂಕಿಗಳೇ ಲಾಂಗ್ ಆಗಿರಬೇಕು. ಈ ಲೆಕ್ಕವನ್ನು ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ, 65536ನ್ನು ಕಳೆಯುತ್ತಾ ಮಾಡಿ ತೋರಿಸಲು ಅರ್ಧ ಗಂಟೆ ಹೋದರೂ ಹೋಗಲಿ.

ಇನ್ನೆರಡು ಇದೇ ಜಾತಿಯವು. ವೇಗದ ಅಂಕಿ 300 ಆದರೆ ಮೋಟಾರಿಗೆ ಸಿಗುವುದು 44, −20 ಆದರೆ 236. ಬರೆಯುವ ಮೊದಲು 0 ಮತ್ತು 255ರೊಳಗೆ ಕಟ್ಟಿಹಾಕಬೇಕು. ತಪ್ಪನ್ನು ನೇರ ಕೂಡಿಸಿ ಕಳೆಯುವುದಿಲ್ಲ, ಕೆಪಿ ಎಂಬ ಗುಣಕದಿಂದ ಗುಣಿಸಿ ಕೂಡಿಸಿ ಕಳೆಯಬೇಕು. ಈ ಗುಣಕ 0.08; ಅದನ್ನು ಇಂಟ್ ಎಂದು ಬರೆದರೆ ಅದು 0, ಗಾಡಿ ಯಾವ ತಿರುವಿಗೂ ಜಪ್ಪಯ್ಯ ಅನ್ನದೆ ನೇರ ಹೋಗುತ್ತದೆ.

ಹೊಂದಿಸುವ ಕ್ರಮ: ಮೂಲ ವೇಗ 130. ಕೆಡಿಯನ್ನು (ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಎಂಬುದರ ಗುಣಕ) 0 ಇಟ್ಟು ಕೆಪಿಯನ್ನು 0.04ರಿಂದ 0.02ರಂತೆ ಏರಿಸಿ. ಚಿಕ್ಕದಿದ್ದರೆ ತಿರುವಿನಲ್ಲಿ ಹೊರಗೆ ಜಾರುತ್ತದೆ, ದೊಡ್ಡದಾದರೆ ನೇರ ದಾರಿಯಲ್ಲೂ ತಲೆ ಆಡಿಸುತ್ತದೆ. ಈ ಗಾಡಿ 0.08ರಲ್ಲಿ ತಿರುವು ದಾಟಿತು, 0.10ರಲ್ಲಿ ನಡುಗಿತು. 0.08ಕ್ಕೆ ನಿಲ್ಲಿಸಿ, ಈಗಿನ ತಪ್ಪಿನಿಂದ ಹಿಂದಿನ ಸುತ್ತಿನ ತಪ್ಪು ಕಳೆದು ಕೆಡಿಯಿಂದ ಗುಣಿಸಿ ಸೇರಿಸಿ. ಸುತ್ತು 5 ಮಿಲಿಸೆಕೆಂಡಿಗೆ ಒಂದರಂತೆ ಸ್ಥಿರವಾಗಿದ್ದರೆ ಕೆಡಿ 0.5ರಿಂದ 1.5ರ ನಡುವೆ ಎಲ್ಲೋ ಹೊಂದುತ್ತದೆ. ಒಂದು ಓಟಕ್ಕೆ ಒಂದೇ ಅಂಕಿ ಬದಲಿಸಿ, ಬದಲಿಸುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸೆಲ್ಲು ಇಳಿಯುತ್ತಾ ಬಂದಂತೆ ಅದೇ ಅಂಕಿಗಳು ಮಂಕಾಗುತ್ತವೆ. ಹಾಗಾಗಿ ಪ್ರತಿ ಓಟದ ಪಕ್ಕದಲ್ಲಿ ಬ್ಯಾಟರಿಯ ವೋಲ್ಟೂ ಇರಲಿ. 6.6ಕ್ಕೆ ಇಳಿದರೆ ಹೊಂದಿಸುವುದು ನಿಲ್ಲಿಸಿ, ಚಾರ್ಜಿಗೆ ಹಾಕಿ.

ಕೊನೆಯ ಪರೀಕ್ಷೆಗೆ ಟೇಪನ್ನು ಒಂದು ಕಡೆ 3 ಸೆಂ.ಮೀ. ಕತ್ತರಿಸಿ ತೆಗೆಯಿರಿ. ಮೂರೂ ಸೆನ್ಸರು ಬಿಳಿಯಾದರೆ ಭಾಜಕ ಸೊನ್ನೆಯ ಹತ್ತಿರ ಬಂದು ಸ್ಥಾನ ಎತ್ತೆತ್ತಲೋ ಜಿಗಿಯುತ್ತದೆ. ಮೊತ್ತ 150ಕ್ಕಿಂತ ಕಡಿಮೆ ಇದ್ದರೆ ಹೊಸ ಲೆಕ್ಕ ಬೇಡ, ಹಿಂದಿನ ತಪ್ಪನ್ನೇ ಇಟ್ಟುಕೋ ಎಂಬ ಒಂದು ಸಾಲು ಸೇರಿಸಿದರೆ ನೇರ ದಾರಿಯ ಕಂದಕವನ್ನು ಗಾಡಿ ನೇರವಾಗಿಯೇ ದಾಟುತ್ತದೆ. ತಿರುವಿನಲ್ಲಿ ಪಟ್ಟಿ ತಪ್ಪಿದರೂ ಕೊನೆಗೆ ಕಂಡ ಬದಿಗೇ ತಿರುಗಿ ಹುಡುಕುತ್ತದೆ. 90 ಡಿಗ್ರಿ ಮೂಲೆ ಮಾತ್ರ ಮೂರು ಸೆನ್ಸರಿನಲ್ಲಿ 130ರ ವೇಗಕ್ಕೆ ದಕ್ಕಲಿಲ್ಲ. 100ಕ್ಕೆ ಇಳಿಸಿದಾಗ ಹತ್ತರಲ್ಲಿ ಎಂಟು ಸಲ ದಾಟಿತು. ಉಳಿದ ಎರಡಕ್ಕೆ ಐದು ಸೆನ್ಸರಿನ ಪಟ್ಟಿ ಬೇಕು, ಅದಕ್ಕೆ ಎ3 ಮತ್ತು ಎ4 ಪಿನ್ನುಗಳು ಇನ್ನೂ ಖಾಲಿ ಇವೆ.